ಅಳತೆ ಇಲಾಖೆಯ ಭಾವನೂ ಅಜ್ಜಿಯ ಸೂಜಿಯೂ

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಮ್ಮ ಮನೆಯಲ್ಲಿ ಈ ಮಾತು ಹೇಳದೆ ಯಾರೂ ನನಗೆ ಒಂದು ಲೋಟ ನೀರನ್ನೂ ಕೊಡುವುದಿಲ್ಲ. ಸೋರುವ ನಲ್ಲಿ ಬಿಗಿಮಾಡಲು ಹೋದರೂ "ಬಿಡು, ನಿನಗೇನು ಗೊತ್ತಾಗುತ್ತೆ, ಎಂಟನೇ ಕ್ಲಾಸು" ಎನ್ನುತ್ತಾರೆ. ನಲ್ಲಿ ಬಿಗಿಮಾಡಲು ಎಷ್ಟನೇ ಕ್ಲಾಸು ಪಾಸಾಗಿರಬೇಕು ಎಂದು ನಾನು ಹಲವು ಸಲ ಕೇಳಿದ್ದೇನೆ. ಉತ್ತರ ಬಂದಿಲ್ಲ. ನಲ್ಲಿಯೂ ನಿಂತಿಲ್ಲ.

ಶಾಲೆ ಬಿಟ್ಟ ವಾರದಲ್ಲೇ ಲೇತ್ ಕೆಲಸಕ್ಕೆ ಸೇರಿದೆ. ಹತ್ತು ವರ್ಷವಾಯಿತು. ಕಬ್ಬಿಣವನ್ನು ಕೂದಲೆಳೆಯಷ್ಟು ಹೆರೆದು ತೆಗೆಯುವುದು ನನ್ನ ಕಸುಬು. ಒಂದು ಮಿಲಿಮೀಟರನ್ನು ಐವತ್ತು ಪಾಲು ಮಾಡಿ ಅದರಲ್ಲಿ ಒಂದು ಪಾಲನ್ನು ವರ್ನಿಯರ್ ಎಂಬ ದವಡೆಯುಳ್ಳ ಅಳತೆಗೋಲು ಹಿಡಿದು ಓದುತ್ತೇನೆ. ಸೇರಿದ ದಿನವೇ ಮೇಸ್ತ್ರಿ ತಲೆಗೆ ಮೊಟಕಿ ಕಲಿಸಿದ ಪಾಠ ಒಂದೇ: "ಏನನ್ನೇ ಅಳೆಯೋಕೂ ಮುಂಚೆ ಬಾಯಿ ಮುಚ್ಚಿ ಸೊನ್ನೆ ನೋಡು. ಸೊನ್ನೆಗೆ ಸೊನ್ನೆ ಕೂತಿಲ್ಲ ಅಂದ್ರೆ ಆಮೇಲಿಂದೆಲ್ಲ ಸುಳ್ಳು." ಅವರು ಹೇಳಿದ್ದು ವರ್ನಿಯರಿನ ಬಾಯಿಯ ವಿಷಯ. ಮನುಷ್ಯರಲ್ಲೂ ಕೆಲವರಿಗೆ ಅನ್ವಯಿಸುತ್ತದೆ.

ಅಂಥವರಲ್ಲಿ ಮೊದಲನೆಯವರು ನನ್ನ ಭಾವ. ಅಕ್ಕನ ಗಂಡ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಈ ಊರಿಗೆ ವರ್ಗವಾಗಿ ಬಂದವರು, ಬಾಡಿಗೆ ಮನೆ ಸಿಗುವವರೆಗೆ ಎಂದು ನಮ್ಮ ಮಹಡಿಯಲ್ಲಿ ಇಳಿದರು. ಮೂರು ವರ್ಷದಿಂದ ಬಾಡಿಗೆ ಮನೆ ಸಿಕ್ಕಿಲ್ಲ. ಅಂಗಡಿಗಳ ತಕ್ಕಡಿ, ಬಟ್ಟು, ಎಣ್ಣೆ ಅಳೆಯುವ ಡಬ್ಬಗಳನ್ನೆಲ್ಲ ಪರೀಕ್ಷಿಸಿ ಸರಿಯಿದ್ದರೆ ಮುದ್ರೆ ಒತ್ತುವುದು, ಕಡಿಮೆ ಅಳೆದವರಿಗೆ ದಂಡ ಹಾಕುವುದು ಅವರ ಕೆಲಸ. ಅವರು ಬೀದಿಗಿಳಿದರೆ ದಿನಸಿ ಅಂಗಡಿಯವನು ಸುಮ್ಮಸುಮ್ಮನೆ ತಕ್ಕಡಿ ಒರೆಸತೊಡಗುತ್ತಾನೆ. ಹಿಂದಿನ ವರ್ಷ ಅವನ ಎಣ್ಣೆ ಡಬ್ಬದ ತಳದಲ್ಲಿ ಒಂದು ತಗ್ಗು ಕಂಡುಹಿಡಿದು ದಂಡ ಹಾಕಿದ್ದರು. ಡಬ್ಬ ಕೆಳಗೆ ಬಿದ್ದು ಆದ ತಗ್ಗು ಎಂದು ಅವನು ಎಷ್ಟು ಹೇಳಿದರೂ, "ತಗ್ಗಿಗೆ ಕಾರಣ ಕೇಳೋದು ಇಲಾಖೆಯ ಕೆಲಸ ಅಲ್ಲ" ಎಂದರು.

ಎರಡು ತಿಂಗಳ ಹಿಂದೆ ಅಜ್ಜಿಗೆ, ಅಂದರೆ ಅಮ್ಮನ ಅಮ್ಮನಿಗೆ, ಸಕ್ಕರೆ ಕಾಯಿಲೆಯ ಮಾತ್ರೆ ಸಾಲದಾಯಿತು. ಡಾಕ್ಟರು ದಿನಾ ಬೆಳಿಗ್ಗೆ ಹನ್ನೆರಡು ಯೂನಿಟ್ ಇನ್ಸುಲಿನ್ ಬರೆದರು. ಮನೆಯಲ್ಲೇ ಚುಚ್ಚಬೇಕು. ಅಮ್ಮನಿಗೆ ಕಣ್ಣು ಮಂಜು. ಅಕ್ಕ ಸೂಜಿ ಕಂಡರೆ ಗೋಡೆ ಹಿಡಿಯುತ್ತಾಳೆ. ನಾನು ಕೈ ಎತ್ತಿದೆ.

"ಅಳತೆಯ ವಿಷಯ ಅಯ್ಯಾ ಇದು," ಎಂದರು ಭಾವ, ನನ್ನ ಕೈಯನ್ನು ಮೆಲ್ಲಗೆ ಕೆಳಗಿಳಿಸುತ್ತಾ. "ಕಬ್ಬಿಣ ಅಲ್ಲ. ಜೀವ."

"ಅದಕ್ಕೇ ನಾನು ಮಾಡ್ತೀನಿ ಅಂದಿದ್ದು."

"ಎಂಟನೇ ಕ್ಲಾಸಲ್ಲಿ ದ್ರವದ ಅಳತೆ ಇತ್ತೇನು?"

ಇತ್ತೋ ಇಲ್ಲವೋ, ನಾನಿರಲಿಲ್ಲ. ಹಾಗಾಗಿ ಸೂಜಿ ಭಾವನ ಪಾಲಾಯಿತು.

ಮಾರನೇ ಬೆಳಿಗ್ಗೆ ಮನೆಯೇ ಇಲಾಖೆಯಾಯಿತು. ಒಂದು ಕುರ್ಚಿ, ಒಂದು ಟಾರ್ಚು, ಒಂದು ಉದ್ದನೆಯ ರಿಜಿಸ್ಟರು. ದಿನಾಂಕ, ವೇಳೆ, ಪ್ರಮಾಣ, ಅಳೆದವರ ಸಹಿ. ಸಹಿಯ ಕೆಳಗೆ ಹುದ್ದೆಯನ್ನೂ ಬರೆಯುತ್ತಿದ್ದರು. ಸಿರಿಂಜನ್ನು ಸೂಜಿ ಮೇಲಾಗಿ ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ, "ನೋಡಿ, ದ್ರವ ಅಳೆಯುವಾಗ ಯಾವತ್ತೂ ಕೆಳಗಿನ ಅಂಚು ನೋಡಬೇಕು. ಇಲಾಖೆಯ ಮೊದಲ ನಿಯಮ" ಎಂದರು. ಅಮ್ಮ ಕೈ ಮುಗಿದಳು. ಇಣುಕಲು ಹೋದ ನನಗೆ "ಬೆಳಕಿಗೆ ಅಡ್ಡ ಬರಬೇಡ" ಎಂದರು. ಅಂದಿನಿಂದ ಸೂಜಿಯ ಹೊತ್ತಿಗೆ ನಾನು ಹೊಸ್ತಿಲ ಆಚೆ.

ಒಂದು ವಾರ ಕಳೆಯಿತು. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಅಲ್ಲಾಡಿರಲಿಲ್ಲ. ಡಾಕ್ಟರು ಹದಿನಾರು ಬರೆದರು. ಮೂರು ವಾರದ ಮೇಲೆ ಕೊಂಚ ಇಳಿದಿತ್ತು, ಸಾಲದು. ಇಪ್ಪತ್ತು ಬರೆದರು. ಬರೆಯುತ್ತಾ ಕನ್ನಡಕದ ಮೇಲಿಂದ ನೋಡಿ, "ಅಜ್ಜಿ ಏನಾದ್ರೂ ಕದ್ದು ಸಿಹಿ ತಿಂತಾರಾ?" ಎಂದರು.

ಅಷ್ಟೇ ಸಾಕಾಯಿತು. ಡಾಕ್ಟರ ಪ್ರಶ್ನೆ ಮನೆ ತಲುಪುವಷ್ಟರಲ್ಲಿ ತೀರ್ಪಾಗಿತ್ತು.

"ಅಳತೆ ಸರಿ ಇದೆ. ಹಾಗಾದ್ರೆ ಕಳ್ಳತನ ಆಗ್ತಿದೆ," ಎಂದರು ಭಾವ. ಅವರ ಅನುಭವದಲ್ಲಿ ಲೆಕ್ಕ ತಪ್ಪಲು ಬೇರೆ ಕಾರಣವೇ ಇರಲಿಲ್ಲ. ಅಜ್ಜಿಯ ದಿಂಬು ಕೊಡವಿದರು. ಒಂದು ಇರುವೆ ಬಿತ್ತು. ಒಂದೇ ಒಂದು ಇರುವೆ. ಅದನ್ನು ಲೋಟದಲ್ಲಿ ಮುಚ್ಚಿಟ್ಟು ಅಮ್ಮನನ್ನು ಕರೆದು ತೋರಿಸಿದರು.

"ಇರುವೆ ಯಾಕೆ ಬಂತು ಅಜ್ಜಿ?"

"ನನ್ನನ್ನ ಕೇಳ್ತೀರಲ್ಲ ಅಳಿಯಂದಿರೇ, ಅದನ್ನೇ ಕೇಳಿ," ಎಂದಳು ಅಜ್ಜಿ. "ಮೂರು ವರ್ಷದಿಂದ ನೀವಿದ್ದೀರಿ, ಯಾಕೆ ಬಂದ್ರಿ ಅಂತ ನಾನು ಕೇಳಿದ್ದೀನಾ?"

ಅಕ್ಕ ಎರಡು ದಿನ ಅಜ್ಜಿಯ ಜತೆ ಮಾತು ಬಿಟ್ಟಳು. ಸಕ್ಕರೆ ಡಬ್ಬ, ಬಿಸ್ಕತ್ತು, ಜೇನಿನ ಬಾಟಲಿ, ಕೊನೆಗೆ ಕೆಮ್ಮಿನ ಔಷಧಿಯೂ ಕಪಾಟು ಸೇರಿತು. ಕಪಾಟಿಗೆ ಬೀಗ ಬಿತ್ತು. ಬೀಗದ ಕೈ ಭಾವನ ಜೇಬಿಗೆ ಹೋಯಿತು. ಅಷ್ಟಕ್ಕೆ ನಿಲ್ಲಲಿಲ್ಲ. ಎದುರುಮನೆಯಾಕೆ ತನ್ನ ಕಿಟಕಿಯಿಂದ ಅಜ್ಜಿಯ ಬಾಯಿ ಕಾಯುವ ಕೆಲಸ ವಹಿಸಿಕೊಂಡಳು. ಅಜ್ಜಿ ಆಕಳಿಸಿದರೂ ಓಡಿ ಬಂದು, "ಈಗ ಬಾಯಿ ಆಡಿಸ್ತಾ ಇದ್ರು" ಎಂದು ವರದಿ ಒಪ್ಪಿಸುತ್ತಿದ್ದಳು. ಬೀದಿಯ ಮಕ್ಕಳು ಅಜ್ಜಿಯನ್ನು ಕಂಡರೆ ಕೈಯಲ್ಲಿದ್ದ ತಿಂಡಿಯನ್ನು ಬೆನ್ನ ಹಿಂದೆ ಬಚ್ಚಿಡತೊಡಗಿದವು. ಎಪ್ಪತ್ತೆರಡು ವರ್ಷ ಯಾರ ಮನೆಯ ಒಂದು ಕಡ್ಡಿಯನ್ನೂ ಮುಟ್ಟದ ಹೆಂಗಸು ನನ್ನ ಅಜ್ಜಿ.

ಅವಳಿಗೆ ಸರಬರಾಜು ಮಾಡುವವನು ನಾನೇ ಎಂಬ ಅನುಮಾನವೂ ಬಂತು. ಕೆಲಸದಿಂದ ಬಂದರೆ ಅಮ್ಮ ನನ್ನ ಊಟದ ಡಬ್ಬ ಮೂಸಿ ನೋಡುತ್ತಿದ್ದಳು. ಲೇತಿನ ಎಣ್ಣೆ ಮೂಸಿ ಎರಡು ಸಲ ಸೀನಿದಳು. ನನಗೆ ಸ್ವಲ್ಪ ಸಮಾಧಾನವಾಯಿತು.

"ಮಗಾ," ಎಂದು ಒಂದು ಸಂಜೆ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದಳು. "ನಾನು ತಿಂದಿಲ್ಲ. ನೀನಾದ್ರೂ ನಂಬ್ತೀಯಾ?"

"ನಂಬ್ತೀನಿ."

"ಬರೀ ನಂಬಿದ್ರೆ ಏನು ಬಂತು. ಏನಾದ್ರೂ ಮಾಡೋ."

ಏನು ಮಾಡುವುದೋ ನನಗೆ ಹೊಳೆಯಲಿಲ್ಲ. ಬೈದಾಡುವುದು ಗೊತ್ತಿತ್ತು, ಅದನ್ನು ಮಾಡಿದೆ. ಅದರಿಂದ ಸಕ್ಕರೆ ಇಳಿಯಲಿಲ್ಲ.

ಇಪ್ಪತ್ತು ಯೂನಿಟ್ ಶುರುವಾಗಿ ಐದನೇ ದಿನ ಭಾವ ಇಲಾಖೆಯ ತಪಾಸಣೆಗೆಂದು ಬೆಳಗಾಗುವ ಮೊದಲೇ ಪಕ್ಕದ ಊರಿಗೆ ಹೊರಟರು. ಅಂದು ನನಗೆ ವಾರದ ರಜೆ. ಹೊರಡುವಾಗ ನನ್ನ ಕೈಗೆ ಸಿರಿಂಜಿನ ಪೊಟ್ಟಣ ಕೊಟ್ಟರು. ಹಡೆದ ಮಗುವನ್ನು ಬಿಟ್ಟುಹೋಗುವವರ ಮುಖವಾಗಿತ್ತು.

"ಇಪ್ಪತ್ತು. ಮೂವತ್ತಲ್ಲ, ಹತ್ತಲ್ಲ. ಇಪ್ಪತ್ತು ಅಂದ್ರೆ ಎರಡರ ಮುಂದೆ ಸೊನ್ನೆ."

"ಗೊತ್ತು ಭಾವ."

"ಗೊತ್ತು ಅನ್ನೋರೇ ದಂಡ ಕಟ್ಟೋದು."

ಕೈ ತೊಳೆದೆ. ಮೇಸ್ತ್ರಿ ಹೇಳಿದಂತೆ ಹಿಡಿಕೆಯನ್ನು ಪೂರ್ತಿ ಒತ್ತಿ ಸೊನ್ನೆ ನೋಡಿದೆ. ಒಳಗಿನ ಕಪ್ಪು ರಬ್ಬರಿಗೆ ಎರಡು ಅಂಚು: ಸೂಜಿಯ ಕಡೆ ಒಂದು, ಕೈಯ ಕಡೆ ಒಂದು. ಸೂಜಿಯ ಕಡೆಯ ಅಂಚು ಸೊನ್ನೆಯ ಗೆರೆಗೆ ಸರಿಯಾಗಿ ಕೂತಿತ್ತು. ಔಷಧಿ ಇರುವುದು ಆ ಅಂಚಿನಿಂದ ಸೂಜಿಯವರೆಗೆ ತಾನೇ? ಅದೇ ಅಂಚನ್ನು ಇಪ್ಪತ್ತರ ಗೆರೆಗೆ ತಂದೆ. ಗುಳ್ಳೆ ತಟ್ಟಿ ತೆಗೆದು ಮತ್ತೆ ನೋಡಿದೆ. ಚುಚ್ಚಿದೆ. ಅಜ್ಜಿ, "ಇವತ್ತು ಸೂಜಿ ಹೋಗಿದ್ದೇ ಗೊತ್ತಾಗಲಿಲ್ಲ" ಎಂದಳು. ಹತ್ತು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಪ್ರಶಸ್ತಿ.

ಎರಡು ಗಂಟೆ ಕಳೆಯಿತು. ಕಳ್ಳತನದ ಆರೋಪದ ಸಿಟ್ಟಿಗೆ ಅಜ್ಜಿ ಬೆಳಗಿನ ತಿಂಡಿಯನ್ನು ಅರ್ಧಕ್ಕೇ ಬಿಟ್ಟಿದ್ದಳು. ಕುರ್ಚಿಯಲ್ಲಿ ಕೂತವಳು ಇದ್ದಕ್ಕಿದ್ದಂತೆ ಬೆವತಳು. ಕೈ ಗಡಗಡ ನಡುಗಿತು. ನನ್ನನ್ನು ನೋಡಿ ಸತ್ತುಹೋದ ನನ್ನ ಅಜ್ಜನ ಹೆಸರು ಹಿಡಿದು ಕರೆದಳು.

"ಸಕ್ಕರೆ ಇಳಿದಿರಬೇಕು, ಸಕ್ಕರೆ ಕೊಡು," ಎಂದು ಕೂಗಿದೆ.

ಅಮ್ಮ ಕಪಾಟಿಗೆ ಓಡಿದಳು. ಬೀಗ. ಬೀಗದ ಕೈ ಪಕ್ಕದ ಊರಲ್ಲಿ ತಕ್ಕಡಿ ತಪಾಸಣೆ ಮಾಡುತ್ತಿತ್ತು.

"ಗುಂಡುಕಲ್ಲು ತಗೊಂಡು ಒಡಿ," ಎಂದೆ.

"ಅಳಿಯಂದಿರ ಬೀಗ ಕಣೋ."

ನಾನು ಬರಿಗಾಲಲ್ಲೇ ದಿನಸಿ ಅಂಗಡಿಗೆ ಓಡಿದೆ. "ಒಂದು ಹಿಡಿ ಸಕ್ಕರೆ ಕೊಡಿ, ಬೇಗ."

ಅಂಗಡಿಯವನು ಕದಲಲಿಲ್ಲ. "ಹಿಡಿ ಅನ್ನೋ ಅಳತೆ ನಮ್ಮಲ್ಲಿಲ್ಲಪ್ಪ. ನಿಮ್ಮ ಭಾವನೇ ಹೇಳಿದ್ದು, ತೂಗದೆ ಒಂದು ಕಾಳೂ ಕೊಡಬಾರದು ಅಂತ. ಎಷ್ಟು ಗ್ರಾಂ?"

"ಅಜ್ಜಿ ಬೀಳ್ತಾ ಇದ್ದಾಳೆ."

"ನೂರು ಗ್ರಾಂ ಹಾಕ್ಲಾ? ತಾಳು, ಮೊದಲು ತಟ್ಟೆ ಒರೆಸ್ತೀನಿ. ಒರೆಸದೆ ತೂಗಿದ್ರೂ ದಂಡ."

ನಾನು ಮೂಟೆಗೇ ಕೈ ಹಾಕಿ ಎರಡು ಬೊಗಸೆ ಬಾಚಿಕೊಂಡು ಓಡಿದೆ. "ತೂಗಿಲ್ಲ, ತೂಗಿಲ್ಲ" ಎಂದು ಕೂಗುತ್ತಾ ಅವನು ತಕ್ಕಡಿ ಸಮೇತ ನನ್ನ ಹಿಂದೆ ಬಂದ. ಬೀದಿಯ ತುಂಬ ಸಕ್ಕರೆಯ ಗೆರೆ ಬಿತ್ತು. ಎಲ್ಲ ಇರುವೆಗಳಿಗೂ ಅಂದು ನಮ್ಮ ಮನೆಯ ವಿಳಾಸ ಸಿಕ್ಕಿತು.

ನೀರಿಗೆ ಸಕ್ಕರೆ ಕದಡಿ ಗುಟುಕು ಗುಟುಕಾಗಿ ಕುಡಿಸಿದೆವು. ಕಾಲು ಗಂಟೆಯಲ್ಲಿ ಅಜ್ಜಿ ಕಣ್ಣರಳಿಸಿದಳು. ಸುತ್ತಲೂ ಒಂದು ಸಂತೆಯಷ್ಟು ಜನ. ನಡುವೆ ತಕ್ಕಡಿ ಹಿಡಿದ ಅಂಗಡಿಯವನು.

"ಇವನ್ಯಾಕೆ ನನ್ನ ತೂಗೋಕೆ ಬಂದಿದ್ದಾನೆ?" ಎಂದಳು.

ಡಾಕ್ಟರು ಬಂದು ಬೆರಳಿಗೆ ಚುಚ್ಚಿ ನೋಡಿದರು. ಅಷ್ಟು ಸಕ್ಕರೆ ಕುಡಿಸಿದ ಮೇಲೂ ಅರವತ್ತೆಂಟು.

"ಎಷ್ಟು ಹಾಕಿದೆ?"

"ಇಪ್ಪತ್ತು. ನೀವು ಬರೆದಷ್ಟೇ."

"ನಿನ್ನೆಯ ರಕ್ತ ಪರೀಕ್ಷೆಯಲ್ಲಿ, ಇಪ್ಪತ್ತು ಹಾಕಿಯೂ, ಇನ್ನೂರರ ಮೇಲಿತ್ತು. ಒಂದೇ ದಿನದಲ್ಲಿ ಹೀಗೆ ಬೀಳಬೇಕಾದ್ರೆ ನೀನು ಜಾಸ್ತಿ ಹಾಕಿದ್ದೀಯ. ತಿಂಡಿ ಬಿಟ್ಟಿದ್ದೂ ಸೇರಿಕೊಂಡಿದೆ." ಅಮ್ಮನ ಕಡೆ ತಿರುಗಿದರು. "ನಾಳೆ ಬೆಳಿಗ್ಗೆ ಮನೆಯಲ್ಲಿ ಚುಚ್ಚಬೇಡಿ. ಅಜ್ಜಿ, ಬಾಟಲಿ, ಸಿರಿಂಜು, ಎಲ್ಲ ತಗೊಂಡು ಕ್ಲಿನಿಕ್ಕಿಗೆ ಬನ್ನಿ. ಇವನ ಕೈಗೆ ಮಾತ್ರ ಕೊಡಬೇಡಿ."

ಎದುರುಮನೆಯಾಕೆ ತಲೆಯಾಡಿಸಿದಳು. "ಓದದವರ ಕೈಲಿ ಸೂಜಿ ಕೊಟ್ರೆ ಇನ್ನೇನಾಗುತ್ತೆ."

ಅಮ್ಮ ಸಿರಿಂಜಿನ ಪೊಟ್ಟಣವನ್ನು ನನ್ನ ಪಕ್ಕದಿಂದ ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡಳು. ಅದೇ ನನಗೆ ಹೆಚ್ಚು ಉರಿಯಿತು.

ನನಗೆ ಒಂದೇ ಯೋಚನೆ: ನಾನು ತಪ್ಪು ಓದಿಲ್ಲ, ಹಾಗಾದರೆ ಸಿರಿಂಜಿನ ಗೆರೆಯೇ ತಪ್ಪು. ವರ್ನಿಯರ್ ಹಿಡಿದು ಔಷಧಿ ಅಂಗಡಿಗೆ ನುಗ್ಗಿದೆ. ಆ ಮನುಷ್ಯನ ಮೇಲೆ ಹರಿಹಾಯ್ದೆ. ನಕಲಿ ಮಾಲು ಮಾರುತ್ತೀರಿ ಎಂದೆ. ಗಿರಾಕಿಗಳೆಲ್ಲ ತಮ್ಮ ತಮ್ಮ ಔಷಧಿ ಕೆಳಗಿಟ್ಟು ನನ್ನನ್ನು ನೋಡಿದರು. ಅವನು ಶಾಂತವಾಗಿ ಬಾಟಲಿ ತೋರಿಸಿದ. ಅದರಲ್ಲಿ ಮಿಲಿಲೀಟರಿಗೆ ನಲವತ್ತು ಯೂನಿಟ್ ಎಂದಿತ್ತು. ಸಿರಿಂಜು ತೋರಿಸಿದ, ಕೆಂಪು ಮುಚ್ಚಳ, ಅದರಲ್ಲೂ ನಲವತ್ತು. "ನಲವತ್ತರ ಬಾಟಲಿಗೆ ನಲವತ್ತರ ಸಿರಿಂಜೇ ಕೊಟ್ಟಿದ್ದೀನಿ. ಬೇಕಾದ್ರೆ ಅಳೆದುಕೋ."

ಅಳೆದೆ. ಅವನು ಕೊಟ್ಟ ಹೊಸ ಪೊಟ್ಟಣದಲ್ಲಿದ್ದ ಹತ್ತೂ ಸಿರಿಂಜುಗಳ ಗೆರೆಯಿಂದ ಗೆರೆಗೆ ಅಳೆದೆ. ನಮ್ಮ ಕಾರ್ಖಾನೆಯ ಮಾಲಿಗಿಂತ ಸರಿಯಾಗಿತ್ತು. ವರ್ನಿಯರನ್ನು ಜೇಬಿಗೆ ಹಾಕಿಕೊಂಡೆ.

"ಎಷ್ಟನೇ ಕ್ಲಾಸು?" ಎಂದ ಅವನು.

ನಾನು ಹತ್ತು ಸಿರಿಂಜಿಗೂ ದುಡ್ಡು ಕೊಟ್ಟು ಹೊರಬಂದೆ.

ಸಂಜೆ ಭಾವ ಮರಳಿದರು. ವಿಚಾರಣೆ ನಡೆಯಿತು. ರಿಜಿಸ್ಟರಿನಲ್ಲಿ ನನ್ನ ಸಹಿಯ ಮುಂದೆ ಕೆಂಪು ಶಾಯಿಯಲ್ಲಿ 'ಅನಧಿಕೃತ' ಎಂದು ಬರೆದರು. ಕೊಟ್ಟುಹೋದವರು ಅವರೇ ಎಂದು ನೆನಪಿಸಿದೆ. "ಕೊಟ್ಟಿದ್ದು ಸಿರಿಂಜು, ಅಧಿಕಾರ ಅಲ್ಲ" ಎಂದರು.

ಬೆಳಿಗ್ಗೆ ಕ್ಲಿನಿಕ್ಕಿಗೆ ಹೋದೆವು. ಅಜ್ಜಿ, ಅಮ್ಮ, ರಿಜಿಸ್ಟರು ಸಮೇತ ಭಾವ, ಕೊನೆಯಲ್ಲಿ ನಾನು. ತೂಗದ ಸಕ್ಕರೆಯ ಲೆಕ್ಕ ಬಾಕಿ ಇದೆ ಎಂದು ಅಂಗಡಿಯವನೂ ಬಂದಿದ್ದ. ಎದುರುಮನೆಯಾಕೆಗೆ ಅಂದೇ ರಕ್ತದೊತ್ತಡ ನೋಡಿಸಬೇಕಿತ್ತು.

ಡಾಕ್ಟರು ಅಜ್ಜಿಯ ರಕ್ತದ ಚೀಟಿ ನೋಡಿ ಹೇಳಿದರು: "ನಿನ್ನೆಯದು ಬಿಟ್ಟುಬಿಡಿ, ಅದು ಹುಡುಗನ ತಪ್ಪು. ಅದರ ಹಿಂದಿನ ಲೆಕ್ಕ ಹಿಡಿದ್ರೆ ಇಪ್ಪತ್ತೂ ಸಾಲ್ತಿಲ್ಲ. ಇಪ್ಪತ್ನಾಲ್ಕು ಮಾಡೋಣ. ಇವತ್ತು ನಮ್ಮ ನರ್ಸೇ ಹಾಕ್ತಾರೆ."

ನನ್ನ ಇಪ್ಪತ್ತಕ್ಕೇ ಅಜ್ಜನನ್ನು ಕರೆದವಳು ಇಪ್ಪತ್ನಾಲ್ಕಕ್ಕೆ ಅವನ ಹತ್ತಿರವೇ ಹೋಗುತ್ತಾಳೆ.

"ಹಾಕಬೇಡಿ," ಎಂದು ಅಡ್ಡ ನಿಂತೆ. "ಮೊದಲು ಭಾವ ಇಪ್ಪತ್ತು ಹೇಗೆ ಅಳೀತಾರೆ ಅಂತ ನೋಡಿ. ಬರೀ ನೀರಲ್ಲಿ. ಆಮೇಲೆ ನನ್ನ ಹೊರಗೆ ಹಾಕಿ."

"ಲೋ, ಸುಮ್ಮನಿರೋ," ಎಂದಳು ಅಮ್ಮ.

"ತೋರಿಸ್ತೀನಿ ಬಿಡಿ ಅತ್ತೆ," ಎಂದರು ಭಾವ. "ನಾಲ್ಕು ಜನ ಕಲೀಲಿ."

ನರ್ಸಮ್ಮ ಒಂದು ಬಟ್ಟಲಲ್ಲಿ ನೀರು ಕೊಟ್ಟರು. ಭಾವ ಅಂಗಿಯ ತೋಳು ಮಡಚಿ, ಟಾರ್ಚು ಹಚ್ಚಿ, ಒಂದು ಕಣ್ಣು ಮುಚ್ಚಿ ನೀರೆಳೆದರು. "ಇಪ್ಪತ್ತು" ಎಂದು ಘೋಷಿಸಿದರು. ಮೊದಲ ಸಲ ನನಗೆ ಹತ್ತಿರದಿಂದ ಕಂಡಿತು. ಇಪ್ಪತ್ತರ ಗೆರೆಗೆ ಕೂತಿದ್ದು ರಬ್ಬರಿನ ಕೈಯ ಕಡೆಯ ಅಂಚು.

ನರ್ಸಮ್ಮ ಇಸಿದುಕೊಂಡು ನೋಡಿದರು. "ಸಾರ್, ಇದರಲ್ಲಿ ಹದಿನಾರಿದೆ."

"ದ್ರವದ ಅಳತೆಯಲ್ಲಿ ಕೆಳಗಿನ ಅಂಚು ನೋಡಬೇಕಮ್ಮಾ. ಇಲಾಖೆಯ ನಿಯಮ."

"ಅದು ಗಾಜಿನ ಜಾಡಿಯಲ್ಲಿ ನಡುವೆ ತಗ್ಗಾಗಿ ನಿಲ್ಲೋ ನೀರಿಗೆ ಸಾರ್. ಇದು ರಬ್ಬರು."

"ನಿಯಮ ನಿಯಮವೇ. ನಾನು ಹದಿನೆಂಟು ವರ್ಷದಿಂದ ಅಳೀತಾ ಇದ್ದೀನಿ."

ನನಗೆ ತಡೆಯಲಿಲ್ಲ. ಸಿರಿಂಜು ಕಿತ್ತುಕೊಂಡು ನೀರನ್ನೆಲ್ಲ ಚೆಲ್ಲಿ ಹಿಡಿಕೆಯನ್ನು ಪೂರ್ತಿ ಒತ್ತಿದೆ. ಭಾವನ ಮೂಗಿನ ಕೆಳಗೆ ಹಿಡಿದೆ.

"ಇದರಲ್ಲಿ ಔಷಧಿ ಇದೆಯಾ ಭಾವ?"

"ಖಾಲಿ ಇದೆ."

"ನಿಮ್ಮ ಕೆಳಗಿನ ಅಂಚು ಎಷ್ಟು ತೋರಿಸ್ತಿದೆ, ಓದಿ."

ಭಾವ ಟಾರ್ಚು ಹಚ್ಚಿದರು, ಆರಿಸಿದರು. ಎದುರುಮನೆಯಾಕೆ ಬಗ್ಗಿ ನೋಡಿ, ಬೀದಿಗೆಲ್ಲ ಕೇಳುವಂತೆ ಓದಿದಳು: "ನಾಲ್ಕು."

"ಖಾಲಿ ಸಿರಿಂಜಿನಲ್ಲಿ ನಾಲ್ಕು ಯೂನಿಟ್ ಎಲ್ಲಿಂದ ಬಂತು ಭಾವ? ಅದನ್ನೂ ಅಜ್ಜಿ ಕದ್ದಳಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. ರಿಜಿಸ್ಟರು ತೆಗೆದುಕೊಂಡು ಪುಟ ತಿರುವಿದರು. "ಹನ್ನೆರಡು ಅಂದಾಗ ಎಂಟು ಹೋಗಿದೆ. ಹದಿನಾರು ಅಂದಾಗ ಹನ್ನೆರಡು. ದಿನಾ ನಾಲ್ಕು ಕಮ್ಮಿ. ನಾನು ಏರಿಸ್ತಾ ಹೋದೆ." ನನ್ನ ಕಡೆ ನೋಡಿದರು. "ನಿನ್ನೆ ಮೊದಲ ಸಲ ಸರಿಯಾದ ಇಪ್ಪತ್ತು ಹೋಗಿದೆ. ಇವತ್ತು ಇಪ್ಪತ್ನಾಲ್ಕು ಹಾಕಿದ್ದಿದ್ರೆ..." ಅಷ್ಟಕ್ಕೇ ನಿಲ್ಲಿಸಿ ಚೀಟಿಯಲ್ಲಿ ಹಳೆಯದನ್ನು ಹೊಡೆದು ಹದಿನೆಂಟು ಎಂದು ಬರೆದರು. "ಕದ್ದು ತಿಂತಾರಾ ಅಂತ ಕೇಳಿದ್ದು ನನ್ನ ತಪ್ಪು ಅಜ್ಜಿ. ಸಿರಿಂಜು ತೋರಿಸಿ ಅಂತ ಮೊದಲೇ ಕೇಳಬೇಕಿತ್ತು."

ಮೂಲೆಯಿಂದ ಅಂಗಡಿಯವನು ಗಂಟಲು ಸರಿಮಾಡಿಕೊಂಡ. ಅವನ ಮುಖದಲ್ಲಿ ಒಂದು ವರ್ಷದ ಎಣ್ಣೆ ಹೊಳೆಯುತ್ತಿತ್ತು. "ಸಾರ್, ತಗ್ಗಿಗೆ ಕಾರಣ ಕೇಳೋ ಹಾಗಿಲ್ಲ, ನಂಗೊತ್ತು. ಆದ್ರೂ ಕೇಳ್ತೀನಿ. ಒಂದು ತಿಂಗಳ ಮೇಲೆ ದಿನಾ ಕಮ್ಮಿ ಅಳೆದ್ರೆ ನಿಮ್ಮ ಇಲಾಖೆಯಲ್ಲಿ ಏನು ದಂಡ?"

ಭಾವ ಡಾಕ್ಟರ ಮುಂದಿದ್ದ ರಿಜಿಸ್ಟರನ್ನು ಎಳೆದುಕೊಂಡು ಮುಚ್ಚಿದರು.

ಇಷ್ಟೆಲ್ಲ ಆದಮೇಲೆ ಕಥೆ ಮುಗಿಯಿತು, ನನಗೆ ಮರ್ಯಾದೆ ಬಂತು ಎಂದು ನೀವು ತಿಳಿದರೆ ನಮ್ಮ ಮನೆಯ ಪರಿಚಯ ನಿಮಗಿಲ್ಲ. ಸಂಜೆಯ ಹೊತ್ತಿಗೆ ಭಾವ ಜಗಲಿಯಲ್ಲಿ ಕೂತು ಅಕ್ಕಪಕ್ಕದವರಿಗೆ ಪಾಠ ಹೇಳುತ್ತಿದ್ದರು. "ಬಹಳ ಜನ ಕೆಳಗಿನ ಅಂಚು ನೋಡ್ತಾರೆ. ತಪ್ಪು. ಸೂಜಿಯ ಕಡೆಯ ಅಂಚೇ ನೋಡಬೇಕು. ಮೊದಲು ಸೊನ್ನೆ ನೋಡಬೇಕು. ಇದು ನಮ್ಮ ಮನೆಯಲ್ಲೇ ಪತ್ತೆಯಾದದ್ದು." ಯಾರು ಪತ್ತೆಮಾಡಿದರು ಎಂಬುದನ್ನು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಅಕ್ಕ ಹೆಮ್ಮೆಯಿಂದ ಎಲ್ಲರಿಗೂ ಕಾಫಿ ಕೊಟ್ಟಳು. ನನಗೂ ಕೊಟ್ಟಳು, ಕೊನೆಯಲ್ಲಿ, ಕಿವಿ ಮುರಿದ ಕಪ್ಪಿನಲ್ಲಿ. ನಾನು ಹಲ್ಲು ಕಚ್ಚಿ ಕುಡಿದೆ.

ಮಾರನೇ ಬೆಳಿಗ್ಗೆ ಮತ್ತೆ ಅದೇ ಕುರ್ಚಿ, ಅದೇ ಟಾರ್ಚು, ಅದೇ ರಿಜಿಸ್ಟರು. ನಾನು ಅದೇ ಹೊಸ್ತಿಲ ಆಚೆ ನಿಂತು ಬೂಟಿನ ದಾರ ಕಟ್ಟುತ್ತಿದ್ದೆ. ಭಾವ ಹದಿನೆಂಟು ಅಳೆದು, ಸ್ಪಿರಿಟ್ ಹಚ್ಚಿದ ಹತ್ತಿಯ ಜತೆ ಅಜ್ಜಿಯ ಮುಂದೆ ಬಗ್ಗಿದರು.

ಅಜ್ಜಿ ತೋಳು ಹಿಂದಕ್ಕೆಳೆದುಕೊಂಡಳು.

"ತಾಳಿ ಅಳಿಯಂದಿರೇ. ಮುದ್ರೆ ಬಿದ್ದಿಲ್ಲ."

"ಯಾವ ಮುದ್ರೆ ಅಜ್ಜಿ?"

"ಮುದ್ರೆ ಇಲ್ಲದ ಅಳತೆ ನಡೆಯೋ ಹಾಗಿಲ್ಲ ಅಂತ ಊರಿಗೆಲ್ಲ ಹೇಳ್ತೀರಲ್ಲ." ಹೊಸ್ತಿಲ ಕಡೆ ತಿರುಗಿದಳು. "ಲೋ ಎಂಟನೇ ಕ್ಲಾಸು, ಬಾ ಇಲ್ಲಿ. ಇದನ್ನ ನೋಡಿ ಹೂಂ ಅನ್ನು. ಆಮೇಲೆ ಚುಚ್ಚಲಿ."

ಅಮ್ಮ ನನ್ನನ್ನು ನೋಡಿದಳು, ಭಾವನನ್ನು ನೋಡಿದಳು. ಆಮೇಲೆ ಎದ್ದು, ಕಿಟಕಿಯ ಬೆಳಕಿಗೆ ಅಡ್ಡವಾಗಿದ್ದ ತನ್ನ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದಳು.

ಭಾವ ಸಿರಿಂಜನ್ನು ನನ್ನ ಕಡೆ ಚಾಚಿದರು. ಹದಿನೆಂಟು ಸರಿಯಾಗಿತ್ತು. ನೋಡಿದ ಕೂಡಲೇ ಗೊತ್ತಾಯಿತು. ಆದರೂ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತಿರುಗಿಸಿ ತಿರುಗಿಸಿ ನೋಡಿದೆ. ಕೆಲಸಕ್ಕೆ ಹತ್ತು ನಿಮಿಷ ತಡವಾಯಿತು. ಮೇಸ್ತ್ರಿ ಕಾರಣ ಕೇಳಿದರು. ಇಲಾಖೆಯ ಕೆಲಸವಿತ್ತು ಎಂದೆ.